ಎಳೆಯುವ ಮುನ್ನ ನಿಲ್ಲಿಸುವ ಲೆಕ್ಕ: ಪಿಕಪ್ ವಾಹನಗಳಲ್ಲಿ ಭಾರೀ ಕೃಷಿ ಯಂತ್ರಗಳ ಸಾಗಣೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ)

1. ಪಾಠದ ಹಿನ್ನೆಲೆ

ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಸೀಮೆ. ರಾಗಿ, ಕಡಲೆಕಾಯಿ, ತೊಗರಿ, ಹುರುಳಿ ಇಲ್ಲಿಯ ಹೊಲಗಳ ಬೆಳೆ. ಮಳೆ ಬಿದ್ದ ನಾಲ್ಕಾರು ದಿನಗಳಲ್ಲಿ ಉಳುಮೆ ಮುಗಿಯಬೇಕು, ಕೊಯ್ಲಾದ ಮೇಲೆ ಮೋಡ ಕಟ್ಟುವ ಮೊದಲು ಒಕ್ಕಣೆ ಮುಗಿಯಬೇಕು. ಶಿರಾ ತಾಲ್ಲೂಕಿನ ಹುಲಿಕುಂಟೆ ಹೋಬಳಿಯ ಹಳ್ಳಿಗಳಲ್ಲಿಯೂ ಇದೇ ಸ್ಥಿತಿ. ಹೀಗಾಗಿ ರೋಟವೇಟರ್, ಕಲ್ಟಿವೇಟರ್, ಪವರ್ ಟಿಲ್ಲರ್, ರಾಗಿ ಒಕ್ಕಣೆ ಯಂತ್ರ, ಕಡಲೆಕಾಯಿ ಬಿಡಿಸುವ ಯಂತ್ರಗಳು ಸುಗ್ಗಿಯ ದಿನಗಳಲ್ಲಿ ಒಂದು ಊರಿನಿಂದ ಇನ್ನೊಂದು ಊರಿಗೆ ಸದಾ ಸಂಚರಿಸುತ್ತಿರುತ್ತವೆ.

ಹಿಂದೆ ಈ ಯಂತ್ರಗಳನ್ನು ಟ್ರ್ಯಾಕ್ಟರುಗಳೇ ಒಯ್ಯುತ್ತಿದ್ದವು. ಈಗ ಹಳ್ಳಿಹಳ್ಳಿಯಲ್ಲಿ ತರಕಾರಿ, ಹೂವು, ಹಾಲು, ಮೇವು ಸಾಗಿಸುವ ಸಣ್ಣ ಪಿಕಪ್ ವಾಹನಗಳು ಬಂದಿವೆ. ಟ್ರ್ಯಾಕ್ಟರ್ ಸಿಗದ ದಿನ, ಅಥವಾ ಟ್ರ್ಯಾಕ್ಟರಿನ ನಿಧಾನ ಸಹಿಸಲಾಗದಾಗ, ಯಂತ್ರವನ್ನು ಪಿಕಪ್ಪಿನ ಹಿಂಬದಿಗೆ ಹಗ್ಗ, ಸರಪಳಿ ಅಥವಾ ಸ್ಥಳೀಯವಾಗಿ ಬೆಸುಗೆ ಹಾಕಿಸಿದ ಕೊಂಡಿಯಿಂದ ಕಟ್ಟಿ ಎಳೆಯುವ ರೂಢಿ ಬೆಳೆಯುತ್ತಿದೆ. "ಮೂರು ಕಿಲೋಮೀಟರ್ ತಾನೇ ಅಣ್ಣಾ, ನಿಧಾನಕ್ಕೆ ಎಳ್ಕೊಂಡು ಹೋದ್ರಾಯ್ತು" ಎಂಬ ಮಾತು ಪಂಚಾಯಿತಿ ಸದಸ್ಯರ ಕಿವಿಗೂ ಬೀಳುತ್ತದೆ.

ಈ ಪಾಠವು ಹೇಳಬೇಕಾದ ಮಾತು ಒಂದೇ. ವಾಹನವು ಯಂತ್ರವನ್ನು ಎಳೆಯಬಲ್ಲದೇ ಎಂಬುದು ಸುರಕ್ಷತೆಯ ಪರೀಕ್ಷೆಯಲ್ಲ. ಎಳೆದ ಯಂತ್ರವನ್ನು ಇಳಿಜಾರಿನಲ್ಲಿ, ತಿರುವಿನಲ್ಲಿ, ಮಗು ಅಡ್ಡ ಬಂದ ಗಳಿಗೆಯಲ್ಲಿ ಅದು ನಿಲ್ಲಿಸಬಲ್ಲದೇ ಎಂಬುದೇ ಪರೀಕ್ಷೆ. ಮೊದಲನೆಯದಕ್ಕೆ ಎಂಜಿನ್ ಸಾಕು. ಎರಡನೆಯದಕ್ಕೆ ಬ್ರೇಕು, ಟೈರು, ವಾಹನದ ಸ್ವಂತ ತೂಕ ಮತ್ತು ಕೊಂಡಿ ಇವೆಲ್ಲವೂ ಸರಿಯಾಗಿರಬೇಕು.

2. ಯಂತ್ರಗಳ ತೂಕವನ್ನು ಅರಿಯುವುದು

ಹೊಲದಲ್ಲಿ ನಿಂತ ಯಂತ್ರದ ತೂಕವನ್ನು ಕಣ್ಣಳತೆಯಿಂದ ಅಂದಾಜಿಸುವುದು ಕಷ್ಟ. ಸಾಮಾನ್ಯವಾಗಿ ಪವರ್ ಟಿಲ್ಲರ್ 400ರಿಂದ 500 ಕಿ.ಗ್ರಾಂ. ತೂಗುತ್ತದೆ. ಐದಾರು ಅಡಿ ಅಗಲದ ರೋಟವೇಟರ್ ಕೂಡ ಹೆಚ್ಚುಕಡಿಮೆ ಇದೇ ತೂಕದ್ದು. ದೊಡ್ಡ ಒಕ್ಕಣೆ ಯಂತ್ರಗಳ ತೂಕ ಒಂದು ಟನ್ನನ್ನು ಮೀರುತ್ತದೆ. ಮಧ್ಯಮ ಗಾತ್ರದ ಟ್ರ್ಯಾಕ್ಟರ್ ಎರಡು ಟನ್ನಿನ ಆಸುಪಾಸಿನಲ್ಲಿರುತ್ತದೆ. ನೀರಿನ ಲೆಕ್ಕ ಇನ್ನೂ ಸ್ಪಷ್ಟ: ಒಂದು ಲೀಟರ್ ನೀರೆಂದರೆ ಒಂದು ಕಿ.ಗ್ರಾಂ. ಆದುದರಿಂದ 5,000 ಲೀಟರ್ ಟ್ಯಾಂಕರಿನಲ್ಲಿ ನೀರೇ ಐದು ಟನ್. ಟ್ಯಾಂಕಿನ ಕಬ್ಬಿಣದ ತೂಕ ಬೇರೆ. ಔಷಧ ಸಿಂಪಡಣೆಗೆಂದು ಒಯ್ಯುವ 200 ಲೀಟರಿನ ಐದು ಡ್ರಮ್ಮುಗಳು ತುಂಬಿದರೆ ಒಂದು ಟನ್ ಆಯಿತು.

ಈ ಅಂಕಿಗಳು ಅಂದಾಜು ತಿಳಿವಳಿಕೆಗೆ ಮಾತ್ರ. ನಿಖರವಾದ ತೂಕ ಯಂತ್ರಕ್ಕೆ ಅಂಟಿಸಿದ ತಯಾರಕರ ಫಲಕದಲ್ಲಿ ಅಥವಾ ಕೈಪಿಡಿಯಲ್ಲಿರುತ್ತದೆ. ಫಲಕ ಅಳಿಸಿಹೋಗಿದ್ದರೆ ಹತ್ತಿರದ ವೇ ಬ್ರಿಡ್ಜ್‌ನಲ್ಲಿ ಒಮ್ಮೆ ತೂಗಿಸಿ, ತೂಕವನ್ನು ಯಂತ್ರದ ಮೇಲೆಯೇ ಬಣ್ಣದಲ್ಲಿ ಬರೆಸುವುದು ಉತ್ತಮ.

ವಾಹನದ ಕಡೆಯ ಅಂಕಿಗಳು ನೋಂದಣಿ ಪತ್ರದಲ್ಲಿ, ಅಂದರೆ ಆರ್‌ಸಿಯಲ್ಲಿ ಇರುತ್ತವೆ. ಖಾಲಿ ವಾಹನದ ತೂಕ ಮತ್ತು ಸರಕು, ಜನ, ಇಂಧನ ಎಲ್ಲವೂ ಸೇರಿ ಅದು ತೂಗಬಹುದಾದ ಗರಿಷ್ಠ ಒಟ್ಟು ತೂಕ ಎಂಬ ಎರಡು ಅಂಕಿಗಳನ್ನು ನೋಡಬೇಕು. ಎರಡರ ನಡುವಣ ವ್ಯತ್ಯಾಸವೇ ವಾಹನಕ್ಕೆ ಹೇರಬಹುದಾದ ಭಾರ. ಇದರಲ್ಲಿ ಚಾಲಕನ ಮತ್ತು ಸಹಾಯಕನ ತೂಕವೂ ಸೇರಿದೆ ಎಂಬುದನ್ನು ಮರೆಯಬಾರದು.

ಒಂದು ಕಲ್ಪಿತ ಲೆಕ್ಕವನ್ನು ನೋಡಬಹುದು. ಪಿಕಪ್ಪಿನ ಗರಿಷ್ಠ ಒಟ್ಟು ತೂಕ 3,000 ಕಿ.ಗ್ರಾಂ., ಖಾಲಿ ತೂಕ 1,700 ಕಿ.ಗ್ರಾಂ., ಚಾಲಕ ಮತ್ತು ಸಹಾಯಕರ ತೂಕ 150 ಕಿ.ಗ್ರಾಂ. ಎಂದಿಟ್ಟುಕೊಂಡರೆ ಸರಕಿಗೆ ಉಳಿಯುವುದು 1,150 ಕಿ.ಗ್ರಾಂ. ಆಗ 450 ಕಿ.ಗ್ರಾಂ. ತೂಕದ ಪವರ್ ಟಿಲ್ಲರನ್ನು ಧಾರಾಳವಾಗಿ ಹೇರಬಹುದು. 1,400 ಕಿ.ಗ್ರಾಂ. ತೂಕದ ಒಕ್ಕಣೆ ಯಂತ್ರವನ್ನು ಹೇರುವಂತಿಲ್ಲ. ಹೇರಲಾಗದ್ದನ್ನು ಎಳೆದರಾಯಿತು ಎಂಬ ಆಲೋಚನೆ ಇಲ್ಲಿಂದಲೇ ಹುಟ್ಟುತ್ತದೆ. ಆದರೆ ಎಳೆದಾಗ ಪಿಕಪ್ಪಿನ 1,850 ಮತ್ತು ಯಂತ್ರದ 1,400 ಸೇರಿ 3,250 ಕಿ.ಗ್ರಾಂ. ಆಗುತ್ತದೆ. 3,000 ಕಿ.ಗ್ರಾಂ. ನಿಲ್ಲಿಸಲೆಂದು ರೂಪಿಸಿದ ಬ್ರೇಕು ಅಷ್ಟನ್ನೂ ನಿಲ್ಲಿಸಬೇಕಾಗುತ್ತದೆ. ಭಾರವು ಮೇಲಿನಿಂದ ಹಿಂದಕ್ಕೆ ಜರುಗಿತೇ ಹೊರತು ಕಡಿಮೆಯಾಗಲಿಲ್ಲ. ಬದಲಿಗೆ, ಹೇರಿದ ಭಾರವು ಪಿಕಪ್ಪಿನ ಚಕ್ರಗಳನ್ನು ರಸ್ತೆಗೆ ಒತ್ತಿ ಹಿಡಿತವನ್ನಾದರೂ ಕೊಡುತ್ತಿತ್ತು. ಎಳೆದ ಭಾರವು ಅದನ್ನೂ ಕೊಡುವುದಿಲ್ಲ.

3. ಎಳೆಯುವ ಶಕ್ತಿ ಬೇರೆ, ನಿಲ್ಲಿಸುವ ಶಕ್ತಿ ಬೇರೆ

ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಚಕ್ರವಿರುವ ಒಂದು ಟನ್ ಭಾರವನ್ನು ಉರುಳಿಸಿಕೊಂಡು ಹೋಗಲು ಬೇಕಾದ ಬಲ ಬಹಳ ಕಡಿಮೆ. ನಾಲ್ಕಾಳು ಸೇರಿ ತಳ್ಳಿದರೂ ಅದು ಚಲಿಸುತ್ತದೆ. ಆದುದರಿಂದ ಸಣ್ಣ ಪಿಕಪ್ ಕೂಡ ದೊಡ್ಡ ಯಂತ್ರವನ್ನು ಸಲೀಸಾಗಿ ಎಳೆದಂತೆ ಕಾಣುತ್ತದೆ. ಈ ಸಲೀಸು ಚಾಲಕನಲ್ಲಿ ಹುಸಿ ಧೈರ್ಯ ತುಂಬುತ್ತದೆ. ತೊಡಕು ಎದುರಾಗುವುದು ಬ್ರೇಕ್ ಒತ್ತಿದಾಗ.

ಒಕ್ಕಣೆ ಯಂತ್ರದಂತಹ ಎಳೆಯುವ ಉಪಕರಣಗಳಿಗೆ ಸಾಮಾನ್ಯವಾಗಿ ಸ್ವಂತ ಬ್ರೇಕ್ ಇರುವುದಿಲ್ಲ. ಮುಂದಿನ ವಾಹನ ನಿಲ್ಲಲು ಯತ್ನಿಸಿದಾಗ ಹಿಂದಿನ ಯಂತ್ರ ಅದನ್ನು ಮುಂದಕ್ಕೆ ನೂಕುತ್ತದೆ. ಯಂತ್ರದ ತೂಕವು ಪಿಕಪ್ಪಿನ ತೂಕಕ್ಕೆ ಸಮನಾಗಿದ್ದರೆ ಅದೇ ಬ್ರೇಕು ಎರಡು ಪಟ್ಟು ಭಾರವನ್ನು ತಡೆಯಬೇಕು. ಅಂದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರವೂ ಎರಡು ಪಟ್ಟಾಗುತ್ತದೆ.

ಅಂಕಿಗಳಲ್ಲಿ ಹೇಳುವುದಾದರೆ, ಗಂಟೆಗೆ 40 ಕಿ.ಮೀ. ವೇಗದಲ್ಲಿ ವಾಹನವು ಪ್ರತಿ ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. ಅಪಾಯವನ್ನು ಕಂಡು ಚಾಲಕನ ಕಾಲು ಬ್ರೇಕಿನ ಮೇಲೆ ಬೀಳಲು ಒಂದು ಸೆಕೆಂಡು ಹಿಡಿದರೆ ಆ 11 ಮೀಟರ್ ಆಗಲೇ ಮುಗಿಯಿತು. ಒಣ ಡಾಂಬರಿನ ಮೇಲೆ, ಬ್ರೇಕು ಟೈರು ಚೆನ್ನಾಗಿದ್ದರೆ, ಪಿಕಪ್ ಒಂದೇ ಇದ್ದಾಗ ಮತ್ತೆ ಸುಮಾರು 10 ಮೀಟರಿನಲ್ಲಿ ನಿಲ್ಲಬಹುದು. ಒಟ್ಟು 21 ಮೀಟರ್. ಅಷ್ಟೇ ತೂಕದ, ಬ್ರೇಕ್ ಇಲ್ಲದ ಯಂತ್ರ ಹಿಂದಿದ್ದರೆ ಒಟ್ಟು ಸುಮಾರು 31 ಮೀಟರ್ ಬೇಕು. ಹೆಚ್ಚಾದ 10 ಮೀಟರ್ ಎಂದರೆ ಹೆಚ್ಚುಕಡಿಮೆ ಒಂದು ದೊಡ್ಡ ಬಸ್ಸಿನ ಉದ್ದ. ಶಾಲೆಯ ಮುಂದೆ, ಸಂತೆಯ ಬೀದಿಯಲ್ಲಿ, ಹಾಲಿನ ಡೇರಿಯ ಎದುರಿನಲ್ಲಿ ಆ ಬಸ್ಸಿನುದ್ದದ ಜಾಗದಲ್ಲಿ ಯಾರಿರುತ್ತಾರೆ ಎಂಬುದೇ ಪ್ರಶ್ನೆ.

ಅದೇ ಯಂತ್ರವನ್ನು ಗಂಟೆಗೆ 20 ಕಿ.ಮೀ. ವೇಗದಲ್ಲಿ ಎಳೆದರೆ ಒಟ್ಟು ಸುಮಾರು 11 ಮೀಟರಿನಲ್ಲಿ ನಿಲ್ಲಿಸಬಹುದು. ವೇಗ ಅರ್ಧವಾದಾಗ ಬ್ರೇಕ್ ದೂರ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ನಿಧಾನಕ್ಕೆ ಇರುವ ಬೆಲೆ ಇದು. ಆದರೆ ಮಳೆಯಲ್ಲಿ ನೆನೆದ ರಸ್ತೆ, ಜಲ್ಲಿ ಎದ್ದ ದಾರಿ, ಒಕ್ಕಣೆಗೆಂದು ರಸ್ತೆಯ ಮೇಲೆ ಹರಡಿದ ರಾಗಿ ತೆನೆ, ಹುರುಳಿ ಸೊಪ್ಪು ಇವುಗಳ ಮೇಲೆ ಟೈರಿನ ಹಿಡಿತ ಬಹಳ ಕಡಿಮೆ. ಅಲ್ಲಿ ಮೇಲಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಯುರೋಪಿನ ದೇಶಗಳಲ್ಲಿ ಸ್ವಂತ ಬ್ರೇಕ್ ಇಲ್ಲದ ಟ್ರೈಲರನ್ನು ಲಘು ವಾಹನ ಎಳೆಯಬೇಕಾದರೆ ಟ್ರೈಲರಿನ ಒಟ್ಟು ತೂಕ 750 ಕಿ.ಗ್ರಾಂ. ಮೀರುವಂತಿಲ್ಲ, ಎಳೆಯುವ ವಾಹನದ ತೂಕದ ಅರ್ಧವನ್ನೂ ಮೀರುವಂತಿಲ್ಲ. ಒಳ್ಳೆಯ ರಸ್ತೆಗಳಿರುವ ಕಡೆಯಲ್ಲಿಯೇ ಇಷ್ಟು ಬಿಗಿ ಇರುವಾಗ, ಟನ್ನಿಗೂ ಮೀರಿದ ಯಂತ್ರವನ್ನು ಪಿಕಪ್ಪಿಗೆ ಕಟ್ಟಿ ಹಳ್ಳಿಯ ರಸ್ತೆಗೆ ಇಳಿಸುವುದು ಎಷ್ಟು ಸರಿ ಎಂಬುದನ್ನು ಸದಸ್ಯರು ಆಲೋಚಿಸಬೇಕು.

4. ಇಳಿಜಾರು, ತಿರುವು ಮತ್ತು ಕೆರೆಯ ಏರಿ

ಮಧುಗಿರಿ, ಪಾವಗಡ, ಕೊರಟಗೆರೆಗಳ ಗುಡ್ಡಬೆಟ್ಟಗಳ ಸೀಮೆಯಲ್ಲಿ ಏರಿಳಿತವಿಲ್ಲದ ರಸ್ತೆ ಅಪರೂಪ. ಹತ್ತು ಮೀಟರಿಗೆ ಒಂದು ಮೀಟರ್ ಇಳಿಯುವ ರಸ್ತೆಯಲ್ಲಿ ಒಂದು ಟನ್ ಭಾರವು ಸುಮಾರು 100 ಕಿ.ಗ್ರಾಂ. ಬಲದಿಂದ ಕೆಳಕ್ಕೆ ಜಗ್ಗುತ್ತದೆ. ಪಿಕಪ್ ಮತ್ತು ಯಂತ್ರ ಸೇರಿ ನಾಲ್ಕು ಟನ್ ಇದ್ದರೆ 400 ಕಿ.ಗ್ರಾಂ. ಬಲ ಇಳಿಜಾರು ಮುಗಿಯುವವರೆಗೂ ಬಿಡದೆ ನೂಕುತ್ತಿರುತ್ತದೆ. ಬ್ರೇಕನ್ನೇ ಒತ್ತಿ ಹಿಡಿದು ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಆದುದರಿಂದ ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ಬಂದು, ಎಂಜಿನ್ನಿನ ತಡೆಯಲ್ಲಿಯೇ ಇಳಿಯಬೇಕು. ಡೀಸೆಲ್ ಉಳಿತಾಯಕ್ಕೆಂದು ನ್ಯೂಟ್ರಲ್‌ಗೆ ಹಾಕಿ ಬಿಡುವುದು ಪ್ರಾಣಾಪಾಯಕ್ಕೆ ದಾರಿ.

ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಮತ್ತೊಂದು ಅಪಾಯವಿದೆ. ಹಿಂದಿನ ಯಂತ್ರವು ನೇರವಾಗಿ ನೂಕದೆ ಓರೆಯಾಗಿ ನೂಕುತ್ತದೆ. ಪಿಕಪ್ಪಿನ ಹಿಂಬದಿ ಹಗುರವಾಗಿದ್ದರೆ ಅದು ಪಕ್ಕಕ್ಕೆ ಸರಿದು, ವಾಹನವೂ ಯಂತ್ರವೂ ಚಾಕುವಿನಂತೆ ಮಡಚಿಕೊಳ್ಳುತ್ತವೆ. ಟ್ರ್ಯಾಕ್ಟರಿಗೆ ಭಾರವಾದ ಹಿಂಬದಿ, ದೊಡ್ಡ ಚಕ್ರ ಮತ್ತು ತಗ್ಗಿನ ಕೊಂಡಿ ಇರುವುದರಿಂದ ಹೊಲದ ಯಂತ್ರಗಳನ್ನು ಅದು ನಿಧಾನ ವೇಗದಲ್ಲಿ ಹಿಡಿತದಲ್ಲಿಟ್ಟುಕೊಳ್ಳುತ್ತದೆ. ಖಾಲಿ ಪಿಕಪ್ಪಿನ ಭಾರವೆಲ್ಲ ಮುಂಬದಿಯಲ್ಲಿರುತ್ತದೆ. ಅದು ಟ್ರ್ಯಾಕ್ಟರಿಗೆ ಬದಲಿ ಆಗಲಾರದು.

ಈ ಭಾಗದ ಅನೇಕ ಹಳ್ಳಿಗಳ ದಾರಿ ಕೆರೆಯ ಏರಿಯ ಮೇಲೆ ಹಾದುಹೋಗುತ್ತದೆ. ಏರಿಯ ರಸ್ತೆ ಕಿರಿದು. ಒಂದು ಕಡೆ ನೀರು, ಇನ್ನೊಂದು ಕಡೆ ತೋಟದ ಆಳ. ಎದುರಿಗೆ ವಾಹನ ಬಂದರೆ ಯಂತ್ರ ಕಟ್ಟಿದ ಪಿಕಪ್ ಹಿಂದಕ್ಕೆ ಸರಿಯುವುದು ಬಹುತೇಕ ಅಸಾಧ್ಯ, ಏಕೆಂದರೆ ಹಿಂದಕ್ಕೆ ಹೋಗುವಾಗ ಯಂತ್ರವು ಚಾಲಕ ತಿರುಗಿಸಿದ ದಿಕ್ಕಿಗೆ ವಿರುದ್ಧವಾಗಿ ಹೊರಳುತ್ತದೆ. ಏರಿಯನ್ನು ಪ್ರವೇಶಿಸುವ ಮೊದಲು ಒಬ್ಬರು ಮುಂದೆ ನಡೆದು ದಾರಿ ತೆರವಿರುವುದನ್ನು ಖಚಿತಪಡಿಸಿಕೊಳ್ಳಬೇಕು.

5. ತೀರ್ಮಾನಿಸುವ ಕ್ರಮ

ಯಂತ್ರ ಸಾಗಿಸುವ ಮೊದಲು ಈ ಕೆಳಗಿನ ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಬೇಕು.

ಒಂದು: ಯಂತ್ರದ ತೂಕ ಪಿಕಪ್ಪಿಗೆ ಹೇರಬಹುದಾದ ಮಿತಿಯೊಳಗಿದೆಯೇ? ಇದ್ದರೆ ಎಳೆಯುವುದನ್ನು ಬಿಟ್ಟು ಹೇರಿಕೊಂಡೇ ಹೋಗಬೇಕು.

ಎರಡು: ಮಿತಿ ಮೀರಿದ್ದರೆ, ಯಂತ್ರವನ್ನು ಬಿಡಿಭಾಗಗಳಾಗಿ ಬಿಚ್ಚಿ ಎರಡು ಸಲಕ್ಕೆ ಒಯ್ಯಬಹುದೇ?

ಮೂರು: ಬಿಚ್ಚಲಾಗದಿದ್ದರೆ, ಟ್ರ್ಯಾಕ್ಟರ್ ದೊರೆಯುತ್ತದೆಯೇ? ಬಾಡಿಗೆಗೆ ಯಂತ್ರ ಪಡೆಯುವಾಗ ಅದನ್ನು ಹೊಲಕ್ಕೆ ತಲುಪಿಸುವವರು ಯಾರು, ಯಾವ ವಾಹನದಲ್ಲಿ ಎಂಬುದನ್ನು ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಅಥವಾ ಖಾಸಗಿ ಮಾಲೀಕರಲ್ಲಿ ಮೊದಲೇ ಮಾತಾಡಿಕೊಂಡಿದ್ದರೆ ಈ ಪ್ರಶ್ನೆ ಕೊನೆಯ ಗಳಿಗೆಯಲ್ಲಿ ಏಳುವುದಿಲ್ಲ.

ನಾಲ್ಕು: ಪಿಕಪ್ಪಿನಿಂದಲೇ ಎಳೆಯಬೇಕೆಂದಾದರೆ, ಅದರ ತಯಾರಕರು ಎಳೆಯುವ ಸಾಮರ್ಥ್ಯವನ್ನು ಕೈಪಿಡಿಯಲ್ಲಿ ನಮೂದಿಸಿದ್ದಾರೆಯೇ? ಎಳೆಯಬೇಕಾದದ್ದು ನೋಂದಾಯಿತ ಟ್ರೈಲರೇ? ಎರಡಕ್ಕೂ ಹೌದು ಎಂಬ ಉತ್ತರವಿಲ್ಲದಿದ್ದರೆ ಎಳೆಯಬಾರದು. ಕೈಪಿಡಿಯಲ್ಲಿ ಸಾಮರ್ಥ್ಯ ನಮೂದಾಗಿಲ್ಲವೆಂದರೆ ಮಿತಿಯೇ ಇಲ್ಲ ಎಂದರ್ಥವಲ್ಲ. ವಾಹನವನ್ನು ಆ ಕೆಲಸಕ್ಕೆ ರೂಪಿಸಿಲ್ಲ ಎಂದರ್ಥ.

6. ಹೇರಿ ಸಾಗಿಸುವಾಗ ವಹಿಸಬೇಕಾದ ಎಚ್ಚರ

ಪವರ್ ಟಿಲ್ಲರನ್ನು ಹಲಗೆಗಳ ಮೇಲೆ ಹತ್ತಿಸುವಾಗಲೇ ಹೆಚ್ಚಿನ ಅವಘಡಗಳಿಗೆ ಆಸ್ಪದವಿರುತ್ತದೆ. ಹಲಗೆಗಳು ಉದ್ದವಾಗಿರಬೇಕು, ಮೇಲ್ತುದಿ ಜಾರದಂತೆ ವಾಹನಕ್ಕೆ ಕಟ್ಟಿರಬೇಕು, ಪಿಕಪ್ಪಿನ ಕೈಬ್ರೇಕ್ ಹಾಕಿ ಚಕ್ರಗಳಿಗೆ ಕಲ್ಲು ಕೊಟ್ಟಿರಬೇಕು. ಹೊಲದ ಬದುವಿನ ಎತ್ತರಕ್ಕೆ ಪಿಕಪ್ಪನ್ನು ತಾಗಿಸಿ ನಿಲ್ಲಿಸಿದರೆ ಇಳಿಜಾರು ಕಡಿಮೆಯಾಗುತ್ತದೆ. ಯಂತ್ರ ಹತ್ತುವಾಗ ಅದರ ಹಿಂದೆ, ಇಳಿಜಾರಿನ ಕೆಳಗೆ ಯಾರೂ ನಿಲ್ಲಬಾರದು.

ಹೇರಿದ ಭಾರವು ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಇರಬೇಕು. ಭಾರವೆಲ್ಲ ಹಿಂಬಾಗಿಲಿನ ಕಡೆಗಿದ್ದರೆ ಮುಂದಿನ ಚಕ್ರಗಳು ಹಗುರವಾಗಿ ಸ್ಟಿಯರಿಂಗ್ ಹಿಡಿತ ತಪ್ಪುತ್ತದೆ. ಯಂತ್ರವನ್ನು ನಾಲ್ಕೂ ಮೂಲೆಗಳಿಂದ ವಿರುದ್ಧ ದಿಕ್ಕುಗಳಿಗೆ ಬಿಗಿದು ಕಟ್ಟಬೇಕು. ರೋಟವೇಟರಿನ ಅಲಗು ಹಗ್ಗವನ್ನು ಕತ್ತರಿಸುವುದರಿಂದ ಅಲ್ಲಿ ಸರಪಳಿ ಬಳಸುವುದು ಅಥವಾ ಗೋಣಿತಟ್ಟು ಸುತ್ತುವುದು ಅಗತ್ಯ. ಎರಡು ಮೂರು ಕಿ.ಮೀ. ಸಾಗಿದ ಮೇಲೆ ಒಮ್ಮೆ ನಿಲ್ಲಿಸಿ ಕಟ್ಟು ಸಡಿಲವಾಗಿದೆಯೇ ಎಂದು ನೋಡಬೇಕು.

ಸರಕಿನ ಮೇಲೆ ಅಥವಾ ಎಳೆಯುವ ಯಂತ್ರದ ಮೇಲೆ ಜನರನ್ನು ಕೂರಿಸಬಾರದು. ಒಕ್ಕಣೆಗೆ ಹೊರಟ ಕೂಲಿಯಾಳುಗಳು, ಹೆಣ್ಣುಮಕ್ಕಳು ಯಂತ್ರದ ಮೇಲೆಯೇ ಕುಳಿತು ಹೋಗುವುದು ಸುಗ್ಗಿಯಲ್ಲಿ ಸಾಮಾನ್ಯ ನೋಟ. 2022ರ ಆಗಸ್ಟ್ 25ರ ನಸುಕಿನಲ್ಲಿ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಬಳಿ, ರಾಯಚೂರು ಕಡೆಯಿಂದ ಕೂಲಿಗಾಗಿ ಬೆಂಗಳೂರಿಗೆ ಹೊರಟಿದ್ದವರ ವಾಹನ ಮತ್ತು ಲಾರಿಯ ನಡುವಣ ಅಪಘಾತದಲ್ಲಿ ಮಕ್ಕಳೂ ಸೇರಿದಂತೆ ಒಂಬತ್ತು ಮಂದಿ ಮೃತಪಟ್ಟರು. ಅದು ಯಂತ್ರ ಎಳೆದ ಪ್ರಕರಣವಲ್ಲ. ಆದರೆ ಒಂದೇ ವಾಹನದಲ್ಲಿ ಕಿಕ್ಕಿರಿದ ದುಡಿಯುವ ಜನರಿಗೆ ಒಂದು ಕ್ಷಣದಲ್ಲಿ ಏನಾಗಬಹುದೆಂಬುದನ್ನು ಈ ಭಾಗದ ಜನ ಕಣ್ಣಾರೆ ಕಂಡಿದ್ದಾರೆ. ಕುಳಿತುಕೊಳ್ಳಲು ಆಸನವೇ ಇಲ್ಲದ ಯಂತ್ರದ ಮೇಲಿನ ಪ್ರಯಾಣ ಅದಕ್ಕಿಂತಲೂ ಅಸುರಕ್ಷಿತ.

7. ಟ್ರೈಲರ್ ಎಳೆಯುವಾಗ ವಹಿಸಬೇಕಾದ ಎಚ್ಚರ

ಸಾಮರ್ಥ್ಯವುಳ್ಳ ವಾಹನದಿಂದ ನೋಂದಾಯಿತ ಟ್ರೈಲರನ್ನು ಎಳೆಯುವಾಗಲೂ, ಟ್ರ್ಯಾಕ್ಟರಿನಿಂದ ಯಂತ್ರವನ್ನು ಎಳೆಯುವಾಗಲೂ ಈ ಅಂಶಗಳು ಅನ್ವಯಿಸುತ್ತವೆ.

ಕೊಂಡಿ: ಕೊಂಡಿಯು ವಾಹನದ ಚಾಸಿಗೆ ಭದ್ರವಾಗಿ ಜೋಡಣೆಯಾಗಿರಬೇಕು. ಬಂಪರಿಗೆ ಅಥವಾ ಹಿಂಬಾಗಿಲಿಗೆ ಕಟ್ಟಬಾರದು. ಪಿನ್ನಿಗೆ ಬೀಗದ ಕಡ್ಡಿ ಇರಲೇಬೇಕು. ಅದರ ಜಾಗದಲ್ಲಿ ಮೊಳೆ, ತಂತಿ, ಕಬ್ಬಿಣದ ಸಲಾಕೆಯ ತುಂಡು ಬಳಸಬಾರದು. ಕೊಂಡಿ ಕಳಚಿದರೂ ಟ್ರೈಲರ್ ಬೇರೆಯಾಗದಂತೆ ಹೆಚ್ಚುವರಿ ಸರಪಳಿ ಇರಬೇಕು.

ಭಾರದ ಹಂಚಿಕೆ: ಎರಡು ಚಕ್ರದ ಟ್ರೈಲರಿನಲ್ಲಿ ಭಾರದ ಹೆಚ್ಚಿನ ಪಾಲು ಅಚ್ಚಿನ ಮುಂಬದಿಗಿರಬೇಕು. ಲಘು ವಾಹನಗಳು ಎಳೆಯುವ ಟ್ರೈಲರುಗಳಲ್ಲಿ ಒಟ್ಟು ತೂಕದ ಸುಮಾರು ಹತ್ತನೇ ಒಂದು ಭಾಗ ಕೊಂಡಿಯ ಮೇಲೆ ಕೂರುವಂತೆ ಜೋಡಿಸುವುದು ರೂಢಿ. ಭಾರವು ಹಿಂಬದಿಗೆ ಹೆಚ್ಚಾದರೆ ವೇಗ ಹೆಚ್ಚಿದಂತೆ ಟ್ರೈಲರ್ ಬಾಲ ಆಡಿಸಿದಂತೆ ಅತ್ತಿತ್ತ ತೂಗಲಾರಂಭಿಸುತ್ತದೆ. ಹಾಗೆ ತೂಗಿದಾಗ ಗಾಬರಿಯಿಂದ ಬ್ರೇಕ್ ಒತ್ತದೆ, ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು ನಿಧಾನಗೊಳಿಸಬೇಕು.

ಟೈರು ಮತ್ತು ಬೇರಿಂಗ್: ಒಕ್ಕಣೆ ಯಂತ್ರಗಳು ವರ್ಷದ ಬಹುಕಾಲ ಬಿಸಿಲು ಮಳೆಯಲ್ಲಿ ನಿಂತಿರುತ್ತವೆ. ಸುಗ್ಗಿಗೆ ಮೊದಲು ಟೈರಿನ ಬಿರುಕು, ಗಾಳಿ, ಬೇರಿಂಗಿನ ಗ್ರೀಸು, ಚಕ್ರದ ನಟ್ಟುಗಳನ್ನು ಪರೀಕ್ಷಿಸಬೇಕು.

ಕಾಣಿಸಿಕೊಳ್ಳುವುದು: ಹಿಂದಿನಿಂದ ಬರುವ ವಾಹನಕ್ಕೆ ಎಳೆಯುವ ವಾಹನದ ದೀಪಗಳು ಯಂತ್ರದ ಮರೆಯಲ್ಲಿ ಕಾಣಿಸುವುದಿಲ್ಲ. ಆದುದರಿಂದ ಯಂತ್ರದ ಹಿಂಬದಿಗೆ ಕೆಂಪು ಪ್ರತಿಫಲಕ ಪಟ್ಟಿ ಅಂಟಿಸಿ, ಟ್ರೈಲರಿಗೆ ಬ್ರೇಕ್ ದೀಪ ಮತ್ತು ತಿರುವು ದೀಪಗಳ ಸಂಪರ್ಕ ಕೊಡಬೇಕು. ಸೂರ್ಯ ಮುಳುಗಿದ ಮೇಲೆ ಸಾಗಣೆಯನ್ನು ಮರುದಿನಕ್ಕೆ ಮುಂದೂಡುವುದೇ ಲೇಸು. ಬೆಂಗಳೂರು–ಪುಣೆ ರಾಷ್ಟ್ರೀಯ ಹೆದ್ದಾರಿ 48 ಶಿರಾ ತಾಲ್ಲೂಕಿನ ಮೂಲಕ ಹಾದುಹೋಗುತ್ತದೆ. ಆ ಹೆದ್ದಾರಿಯ ವೇಗದಲ್ಲಿ ಬರುವ ಲಾರಿಗೆ 20 ಕಿ.ಮೀ. ವೇಗದ ಯಂತ್ರವು ನಿಂತ ವಸ್ತುವಿನಂತೆಯೇ. ಸಾಧ್ಯವಾದಷ್ಟೂ ಸೇವಾ ರಸ್ತೆ ಮತ್ತು ಗ್ರಾಮೀಣ ರಸ್ತೆಗಳನ್ನೇ ಬಳಸಬೇಕು. ವಿರುದ್ಧ ದಿಕ್ಕಿನಲ್ಲಿ ಹೋಗುವ ಅಡ್ಡದಾರಿಯನ್ನು ಎಂದಿಗೂ ಹಿಡಿಯಬಾರದು.

ಕೆಟ್ಟು ನಿಂತ ಟ್ರ್ಯಾಕ್ಟರ್: ಇದನ್ನು ಇನ್ನೊಂದು ಟ್ರ್ಯಾಕ್ಟರಿನಿಂದಲೇ ಎಳೆಸಬೇಕು. 1989ರ ರಸ್ತೆ ನಿಯಮಾವಳಿಯು ಎಳೆಯಲ್ಪಡುವ ವಾಹನದ ಚಾಲಕನ ಆಸನದಲ್ಲಿ ಪರವಾನಗಿ ಇರುವವರು ಕುಳಿತಿರಬೇಕು, ಎರಡು ವಾಹನಗಳ ನಡುವೆ ಐದು ಮೀಟರಿಗಿಂತ ಹೆಚ್ಚು ಅಂತರ ಇರಬಾರದು, ವೇಗ ಗಂಟೆಗೆ 24 ಕಿ.ಮೀ. ಮೀರಬಾರದು ಎಂದು ವಿಧಿಸಿತ್ತು. 2017ರಲ್ಲಿ ಹೊಸ ಚಾಲನಾ ನಿಯಮಾವಳಿ ಅದರ ಸ್ಥಾನಕ್ಕೆ ಬಂದಿದೆ. ಹಳ್ಳಿಯ ರಸ್ತೆಯಲ್ಲಿ ಈ ಮೂರೂ ಮಾತುಗಳನ್ನು ಪಾಲಿಸಿದರೆ ಕ್ಷೇಮ.

8. ಕಾನೂನಿನ ಚೌಕಟ್ಟು

ಮೋಟಾರು ವಾಹನಗಳ ಕಾಯ್ದೆ, 1988ರ ಪ್ರಕಾರ ಟ್ರೈಲರ್ ಕೂಡ ನೋಂದಣಿಗೆ ಒಳಪಡುವ ವಾಹನ. 61ನೇ ಕಲಮಿನಂತೆ ಟ್ರೈಲರಿಗೆ ನೀಡಿದ ನೋಂದಣಿ ಸಂಖ್ಯೆಯನ್ನು ಅದರ ಬದಿಯಲ್ಲಿಯೂ, ಎಳೆಯುವ ವಾಹನದ ಸಂಖ್ಯೆಯನ್ನು ಟ್ರೈಲರಿನ ಹಿಂಬದಿಯಲ್ಲಿಯೂ ಪ್ರದರ್ಶಿಸಬೇಕು. 2019ರಲ್ಲಿ ತಿದ್ದುಪಡಿಯಾದ 194ನೇ ಕಲಂ ಮಿತಿಮೀರಿದ ಭಾರಕ್ಕೆ 20,000 ರೂಪಾಯಿ ಹಾಗೂ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವನ್ನು ವಿಧಿಸುತ್ತದೆ. ಹೆಚ್ಚಾದ ಭಾರವನ್ನು ಇಳಿಸಿದ ಮೇಲೆಯೇ ವಾಹನ ಮುಂದೆ ಸಾಗಬೇಕು. ಅಪ್ರಾಪ್ತ ವಯಸ್ಸಿನವರು ವಾಹನ ಚಲಾಯಿಸಿ ಅಪರಾಧವೆಸಗಿದರೆ 199ಎ ಕಲಮಿನಂತೆ ಪೋಷಕರು ಅಥವಾ ವಾಹನದ ಮಾಲೀಕರು ಮೂರು ವರ್ಷಗಳವರೆಗಿನ ಸೆರೆವಾಸ ಮತ್ತು 25,000 ರೂಪಾಯಿ ದಂಡಕ್ಕೆ ಗುರಿಯಾಗುತ್ತಾರೆ. ಶಾಲೆ ಬಿಟ್ಟ ಹುಡುಗರ ಕೈಗೆ ವಾಹನದ ಕೀಲಿ ಕೊಡುವ ಮನೆಗಳಿಗೆ ಈ ಮಾತನ್ನು ತಿಳಿಸಬೇಕು.

ಲಘು ಮೋಟಾರು ವಾಹನದ ಪರವಾನಗಿ ಇರುವವರು 7,500 ಕಿ.ಗ್ರಾಂ. ಒಳಗಿನ ಸಾರಿಗೆ ವಾಹನಗಳನ್ನೂ ಚಲಾಯಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪಿತ್ತಿದೆ. ಚಾಲಕರಿಗೆ ಇದರಿಂದ ಅನುಕೂಲವಾಗಿದೆ. ಆದರೆ ಚಾಲಕನಿಗೆ ಪರವಾನಗಿ ಇದೆ ಎಂದಮಾತ್ರಕ್ಕೆ ವಾಹನಕ್ಕೆ ಸಾಮರ್ಥ್ಯ ಬಂದಿತೆಂದು ಭಾವಿಸಬಾರದು.

ವಿಮೆಯ ವಿಷಯ ಇನ್ನೂ ಮುಖ್ಯ. ಪಿಕಪ್ಪಿಗೆ ವಿಮೆ ಇದ್ದು, ಹಿಂದೆ ಕಟ್ಟಿದ ಟ್ರೈಲರ್ ಅಥವಾ ಯಂತ್ರ ಅದರಲ್ಲಿ ನಮೂದಾಗಿಲ್ಲದಿದ್ದರೆ, ಅಪಘಾತದ ಪರಿಹಾರ ಕೊಡುವಾಗ ವಿಮಾ ಕಂಪನಿ ತಕರಾರು ಎತ್ತಬಹುದು. ಪ್ರಕರಣ ವರ್ಷಗಟ್ಟಲೆ ನಡೆಯಬಹುದು. ಕೊನೆಗೆ ಹೊಣೆ ಮಾಲೀಕನ ಜಮೀನಿನ ಮೇಲೆ ಬೀಳಬಹುದು. ಒಂದು ದಿನದ ಟ್ರ್ಯಾಕ್ಟರ್ ಬಾಡಿಗೆಯನ್ನು ಉಳಿಸಹೋಗಿ ಎರಡು ಕುಟುಂಬಗಳು, ಸತ್ತವರದ್ದೂ ಮಾಲೀಕನದ್ದೂ, ಬೀದಿಗೆ ಬರುವುದು ಹೀಗೆ.

9. ಗ್ರಾಮ ಪಂಚಾಯಿತಿ ಮಾಡಬಹುದಾದ ಕೆಲಸ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಅಡಿಯಲ್ಲಿ ಗ್ರಾಮದ ರಸ್ತೆಗಳ ನಿರ್ವಹಣೆ ಮತ್ತು ಕೃಷಿ ಅಭಿವೃದ್ಧಿ ಎರಡೂ ಗ್ರಾಮ ಪಂಚಾಯಿತಿಯ ಪ್ರಕಾರ್ಯಗಳಲ್ಲಿ ಸೇರಿವೆ. ಯಂತ್ರದ ಸಾಗಣೆ ಈ ಎರಡೂ ಸಂಧಿಸುವ ಜಾಗ. ಪಂಚಾಯಿತಿಗಳು ಹೆಚ್ಚಿನ ವೆಚ್ಚವಿಲ್ಲದೆ ಈ ಕೆಳಗಿನ ಕ್ರಮಗಳನ್ನು ಕೈಗೊಳ್ಳಬಹುದು.

ಅ) ಕಡಲೆಕಾಯಿ ಕೀಳುವ ಮತ್ತು ರಾಗಿ ಕೊಯ್ಯುವ ಕಾಲಕ್ಕೆ ಮುಂಚಿತವಾಗಿ ನಡೆಯುವ ವಾರ್ಡ್ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತರುವುದು. ಊರಿನಲ್ಲಿರುವ ಯಂತ್ರಗಳು, ಅವುಗಳ ತೂಕ, ಬಾಡಿಗೆಗೆ ದೊರೆಯುವ ಟ್ರ್ಯಾಕ್ಟರುಗಳು ಇವುಗಳ ಪಟ್ಟಿ ಮಾಡಿ ಪಂಚಾಯಿತಿ ಕಚೇರಿಯ ಸೂಚನಾ ಫಲಕದಲ್ಲಿ ಹಾಕುವುದು.

ಆ) ಕೆರೆ ಏರಿಯ ತುದಿ, ಕಿರುಸೇತುವೆ, ಕಡಿದಾದ ಇಳಿಜಾರು, ಶಾಲಾ ಆವರಣ ಮುಂತಾದ ಸ್ಥಳಗಳನ್ನು ಗುರುತಿಸಿ ಎಚ್ಚರಿಕೆ ಫಲಕ ಹಾಕಿಸುವುದು, ಬಣ್ಣವಿಲ್ಲದ ರಸ್ತೆ ಉಬ್ಬುಗಳಿಗೆ ಬಣ್ಣ ಬಳಿಸುವುದು. ಉಬ್ಬು ಕಾಣದೆ ಹಾರಿದ ಯಂತ್ರದ ಕೊಂಡಿ ಕಳಚುವ ಸಂಭವ ಹೆಚ್ಚು. ರಸ್ತೆಯ ಮೇಲೆ ಒಕ್ಕಣೆ ಮಾಡುವವರಿಗೆ ಸಾಮೂಹಿಕ ಕಣದ ವ್ಯವಸ್ಥೆ ಸಾಧ್ಯವೇ ಎಂದು ಪರಿಶೀಲಿಸುವುದು.

ಇ) ಪಂಚಾಯಿತಿಯ ಸ್ವಚ್ಛ ವಾಹಿನಿಯನ್ನು ಯಂತ್ರ, ನೀರಿನ ಟ್ಯಾಂಕರ್ ಅಥವಾ ಕೆಟ್ಟ ವಾಹನ ಎಳೆಯಲು ಕೊಡಬಾರದೆಂದು ಸ್ಪಷ್ಟ ನಿರ್ಣಯ ಕೈಗೊಳ್ಳುವುದು. ಕಸ ಸಾಗಿಸಲೆಂದು ಕೊಂಡ ಈ ಸಣ್ಣ ವಾಹನಗಳನ್ನು ಅನೇಕ ಪಂಚಾಯಿತಿಗಳಲ್ಲಿ ತರಬೇತಿ ಪಡೆದ ಮಹಿಳೆಯರು ಚಲಾಯಿಸುತ್ತಿದ್ದಾರೆ. ಸದಸ್ಯರೊಬ್ಬರು ಬಾಯಿಮಾತಿನಲ್ಲಿ "ಸ್ವಲ್ಪ ಎಳೆದು ಬಿಟ್ಟು ಬಾರಮ್ಮ" ಎಂದರೆ ಆಕೆ ಇಲ್ಲವೆನ್ನುವುದು ಕಷ್ಟ. ಅವಘಡವಾದರೆ ಪ್ರಕರಣ ದಾಖಲಾಗುವುದು ಆಕೆಯ ಹೆಸರಿನಲ್ಲಿ. ಲಿಖಿತ ನಿರ್ಣಯವಿದ್ದರೆ ಅದೇ ಆಕೆಗೆ ರಕ್ಷೆ.

ಈ) ರೈತ ಸಂಪರ್ಕ ಕೇಂದ್ರ, ಮಧುಗಿರಿಯ ಸಾರಿಗೆ ಕಚೇರಿ ಮತ್ತು ಸ್ಥಳೀಯ ಪೊಲೀಸ್ ಠಾಣೆಯ ನೆರವಿನಿಂದ ಟ್ರ್ಯಾಕ್ಟರ್ ಹಾಗೂ ಪಿಕಪ್ ಚಾಲಕರಿಗೆ ವರ್ಷಕ್ಕೊಮ್ಮೆ ಅರ್ಧ ದಿನದ ತಿಳಿವಳಿಕೆ ಶಿಬಿರ ಏರ್ಪಡಿಸುವುದು. ಅಂದು ಯಂತ್ರಗಳಿಗೆ ಪ್ರತಿಫಲಕ ಪಟ್ಟಿಗಳನ್ನು ಸ್ಥಳದಲ್ಲಿಯೇ ಅಂಟಿಸುವುದು.

ಉ) ಅಪಘಾತವಾದಾಗ 108 ಮತ್ತು 112 ಸಂಖ್ಯೆಗಳಿಗೆ, ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೆ ಕರೆ ಮಾಡುವುದನ್ನು ಎಲ್ಲರಿಗೂ ತಿಳಿಸುವುದು. ಗಾಯಾಳುವಿಗೆ ಸದುದ್ದೇಶದಿಂದ ನೆರವಾದವರಿಗೆ ಕಾಯ್ದೆಯ 134ಎ ಕಲಂ ರಕ್ಷಣೆ ನೀಡುತ್ತದೆ. 2025ರ ಮೇ ತಿಂಗಳಿನಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ದೊರೆಯುತ್ತದೆ.

ಕೊನೆಯದಾಗಿ, ಸದಸ್ಯರ ನಡವಳಿಕೆಗೆ ಸಂಬಂಧಿಸಿದ ಒಂದು ಮಾತು. ಮಿತಿಮೀರಿದ ಭಾರದ ವಾಹನವನ್ನು ಪೊಲೀಸರೋ ಸಾರಿಗೆ ಅಧಿಕಾರಿಗಳೋ ತಡೆದಾಗ, "ನಮ್ಮ ಊರಿನವರು, ಈ ಸಲ ಬಿಟ್ಟುಬಿಡಿ ಸಾರ್" ಎಂದು ಫೋನ್ ಮಾಡುವಂತೆ ಸದಸ್ಯರ ಮೇಲೆ ಒತ್ತಡ ಬರುತ್ತದೆ. ಮತ ಕೊಟ್ಟವರ ಕಷ್ಟಕ್ಕೆ ಆಗುವುದು ಸದಸ್ಯರ ಧರ್ಮವೇ ಸರಿ. ಆದರೆ ಆ ಫೋನ್ ಕರೆಯಿಂದ ಬಿಡುಗಡೆಯಾಗುವ ವಾಹನ ಅದೇ ಭಾರದೊಂದಿಗೆ ಅದೇ ಇಳಿಜಾರಿಗೆ ಹೋಗುತ್ತದೆ. ಬಿಡಿಸುವ ಫೋನಿನ ಬದಲು ಟ್ರ್ಯಾಕ್ಟರ್ ಕಳುಹಿಸುವ ಫೋನ್ ಮಾಡಿದರೆ ರೈತನ ಒಕ್ಕಣೆಯೂ ನಡೆಯುತ್ತದೆ, ರಸ್ತೆಯಲ್ಲಿರುವವರ ಜೀವವೂ ಉಳಿಯುತ್ತದೆ.

10. ಚರ್ಚೆಗೆ ಪ್ರಶ್ನೆಗಳು

1) ನಿಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಒಂದು ಟನ್ನಿಗಿಂತ ಹೆಚ್ಚು ತೂಕದ ಎಷ್ಟು ಕೃಷಿ ಯಂತ್ರಗಳಿವೆ? ಅವುಗಳನ್ನು ಈಗ ಯಾವ ವಾಹನ ಒಯ್ಯುತ್ತಿದೆ?

2) ಆ ಯಂತ್ರಗಳು ಹಾದುಹೋಗುವ ದಾರಿಯಲ್ಲಿ ಅತ್ಯಂತ ಅಪಾಯಕಾರಿ ಸ್ಥಳ ಯಾವುದು? ಅಲ್ಲಿ ಪಂಚಾಯಿತಿ ಈ ಸುಗ್ಗಿಯೊಳಗೆ ಏನು ಮಾಡಬಹುದು?

3) ಒಬ್ಬ ರೈತರು 1,400 ಕಿ.ಗ್ರಾಂ. ತೂಕದ ಒಕ್ಕಣೆ ಯಂತ್ರವನ್ನು ತಮ್ಮ ಪಿಕಪ್ಪಿಗೆ ಕಟ್ಟಿ ನಿಂತಿದ್ದಾರೆ. ಸಂಜೆಯಾಗುತ್ತಿದೆ, ಮಳೆಯ ಮೋಡವಿದೆ. ಸದಸ್ಯರಾಗಿ ಅವರಿಗೆ ಏನು ಹೇಳುವಿರಿ, ಯಾವ ಬದಲಿ ವ್ಯವಸ್ಥೆ ತೋರಿಸುವಿರಿ?

4) ಪಂಚಾಯಿತಿಯ ವಾಹನಗಳ ಬಳಕೆಯ ಕುರಿತು ಲಿಖಿತ ನಿರ್ಣಯವಿದೆಯೇ? ಇಲ್ಲದಿದ್ದರೆ ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸಲು ಯಾರು ಮುಂದಾಗುತ್ತೀರಿ?